ಮೊದಲು ನೋಡಿದವರದು

ಮೊನ್ನೆ ಮದುವೆಗೆಂದು ಮುಳಗುಂದದ ಬಸ್ಸು ಹತ್ತಿದ್ದೆ. ಎದುರಿನ ಸೀಟಿನಲ್ಲಿ ಮುದುಕಿಯೊಬ್ಬಳು ಗಂಡನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಆಕೆಯ ಚಪ್ಪಲಿ ಎಲ್ಲಿ ಕಳೆದಾವೋ ಎಂದು ಆತ ಎರಡನ್ನೂ ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನಗರಿವಿಲ್ಲದೆ ಬಾಯಿಂದ ‘ಇದು ನಂದು’ ಎಂದು ಬಂತು. ಪಕ್ಕದ ಹೆಣ್ಣುಮಗಳು ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಆಕೆಯ ತಪ್ಪಲ್ಲ, ನೀವಿದ್ದರೂ ಹಾಗೇ ಮಾಡುತ್ತಿದ್ದಿರಿ. ಆ ಮಾತು ನನಗೂ ಗೆಳತಿ ಜೈಬುನ್ನಿಸಾಗೂ ಇದ್ದ ಕರಾರು. ಎಪ್ಪತ್ತರ ದಶಕದಲ್ಲಿ ನಾನು ಬೆಟಗೇರಿಯ ಶಾಲೆಯಲ್ಲಿ ಕಲಿಸುತ್ತಿದ್ದೆ, ಜೈಬು ಲಕ್ಷ್ಮೇಶ್ವರದಲ್ಲಿ. ಇಬ್ಬರಿಗೂ ಕತೆ ಬರೆಯುವ ಹುಚ್ಚು. ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಒಂದು ವಾರ ನಾನು ಅಲ್ಲಿಗೆ, ಒಂದು ವಾರ ಅವಳು ಇಲ್ಲಿಗೆ. ಕಂಡದ್ದು, ಕೇಳಿದ್ದು ಯಾವುದೇ ಇರಲಿ, ಮೊದಲು ಯಾರು ‘ನಂದು’ ಎನ್ನುತ್ತಾರೋ ಅವರೇ ಅದನ್ನು ಬರೆಯಬೇಕು, ಇನ್ನೊಬ್ಬಳು ಮುಟ್ಟಬಾರದು. ನಾನು ಆಸೆಬುರುಕಿ. ಶಿರಹಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಜಗಳಾಡುತ್ತಿದ್ದ ಅತ್ತೆ-ಸೊಸೆಯರನ್ನು ಜಗಳ ಮುಗಿಯುವ ಮೊದಲೇ ನನ್ನವರನ್ನಾಗಿ ಮಾಡಿಕೊಂಡಿದ್ದೆ. ಆ ಕತೆ ಇವತ್ತಿಗೂ ಬರೆದಿಲ್ಲ. ಜೈಬು ಬಾಯಿಬಿಡುತ್ತಿದ್ದುದೇ ಅಪರೂಪ. ಬಿಟ್ಟಳೆಂದರೆ ನನಗೆ ಹೊಟ್ಟೆಕಿಚ್ಚಾಗುವಂಥ ಕತೆ ಬರುತ್ತಿತ್ತು.

ಒಂದನ್ನು ಮಾತ್ರ ಅವಳು ಬರೆಯಲಿಲ್ಲ. ಅವಳ ತಾಯಿ, ಅವಳು ಅಮ್ಮಿ ಎನ್ನುತ್ತಿದ್ದವರು, ಓದು ಬಾರದವರು. ಮಗಳ ಕತೆ ಅಚ್ಚಾದಾಗಲೆಲ್ಲ ಪತ್ರಿಕೆಯನ್ನು ಬೆಳಕಿಗೆ ಹಿಡಿದು, ಸಾಲುಗಳ ಮೇಲೆ ಬೆರಳಾಡಿಸಿ, ‘ಇದರಾಗ ನಾ ಎಲ್ಲಿದ್ದೀನಿ?’ ಎಂದು ಕೇಳುತ್ತಿದ್ದರಂತೆ. ಮುಂದಿನ ಕತೆಯಲ್ಲಿ ಬರುತ್ತೀ ಎಂದು ಜೈಬು ಸಮಾಧಾನ ಹೇಳುತ್ತಿದ್ದಳು. ಇದನ್ನು ನನಗೆ ಹೇಳಿದಾಗಲೇ ‘ಇದು ನಂದು’ ಎಂದೂ ಸೇರಿಸಿದ್ದಳು. ಬರೆಯೇ ಎಂದು ನಾನು ಪೀಡಿಸಿದಾಗಲೆಲ್ಲ, ಅಮ್ಮಿ ತೀರ ಹತ್ತಿರವಿದ್ದಾಳೆ, ಸರಿಯಾಗಿ ಕಾಣುವುದಿಲ್ಲ ಎನ್ನುತ್ತಿದ್ದಳು. ಐದು ವರ್ಷ ಕಾದೆ. ಆರನೆಯ ವರ್ಷ ನಾನೇ ಬರೆದೆ. ಕರಾರು ಮರೆತು ಬರೆದೆನೆಂದರೆ ಸುಳ್ಳಾಗುತ್ತದೆ. ಒಂದೇ ಪಟ್ಟಿಗೆ ಕೂತು ಬರೆದೆ, ನನ್ನ ಕತೆಗಳಲ್ಲಿ ಅದೇ ಒಳ್ಳೆಯದು.

ಕತೆ ದೀಪಾವಳಿ ವಿಶೇಷಾಂಕದಲ್ಲಿ ಬಂತು. ಮುಂಡರಗಿಯಿಂದಲೂ ಓದುಗರ ಕಾರ್ಡು ಬಂದವು. ಮುಂದಿನ ಶನಿವಾರ ಜೈಬು ಬಂದಳು. ಚಹಾದ ನೆಪದಲ್ಲಿ ನಾನು ಸ್ಟೋವಿನ ಮುಂದಿನಿಂದ ಏಳಲೇ ಇಲ್ಲ. ಅವಳು ಬಾಗಿಲಲ್ಲೇ ನಿಂತು ಹೇಳಿದಳು:

‘ಅಮ್ಮಿಗೆ ಓದಿ ಹೇಳಿದೆ. ಭಾಳ ಖುಷಿ ಆತು ಆಕಿಗೆ. ಕಡೀಗೂ ನನ್ನ ಮ್ಯಾಲ ಬರದೀ ನೋಡು ಅಂದ್ಲು. ನಾ ಹೂಂ ಅಂದೆ.’

‘ನೀ ಬರೀಲೇ ಇಲ್ಲಲ್ಲ ಜೈಬು,’ ಎಂದೆ. ತಪ್ಪಾಯಿತು ಎನ್ನಬೇಕಾದಲ್ಲಿ ಹೀಗಂದೆ.

‘ಇನ್ನ ಹೆಂಗ ಬರೀಲಿ? ನಾನ ಬರದೀನಿ ಅಂತ ಆಕಿ ತಿಳಕೊಂಡಾಳ.’

ಜಗಳವಾಗಲಿಲ್ಲ. ಆಗಿದ್ದರೆ ಮುಗಿಯುತ್ತಿತ್ತೇನೋ. ಚಹಾ ಕುಡಿದಳು, ಶಾಲೆಯ ಸುದ್ದಿ ಹೇಳಿದಳು, ಐದರ ಬಸ್ಸಿಗೆ ಹೋದಳು. ಆಮೇಲೆ ಶನಿವಾರಗಳು ತಪ್ಪತೊಡಗಿದವು. ರಮಜಾನಿಗೆ ಸುರಕುಂಬಾ ಪಾಯಸ ಮಾತ್ರ ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು, ಯುಗಾದಿಗೆ ನಾನು ಹೋಳಿಗೆ ಕಳಿಸುತ್ತಿದ್ದೆ. ಅಮ್ಮಿ ತೀರಿಕೊಂಡಾಗ ಹೋಗಿ ಇಡೀ ದಿನ ಪಕ್ಕದಲ್ಲಿ ಕೂತೆ. ನನ್ನ ಮೊಣಕಾಲು ನೋವು ವಿಚಾರಿಸಿದಳು. ಬರೆದದ್ದನ್ನು ಮಾತ್ರ ಮತ್ತೆಂದೂ ತೋರಿಸಲಿಲ್ಲ, ನನ್ನದನ್ನು ಕೇಳಲೂ ಇಲ್ಲ. ನನ್ನ ಕತೆಗಳನ್ನು ಹೊಗಳುವವರು ಬೇಕಾದಷ್ಟು ಸಿಕ್ಕರು. ‘ಈ ಸಾಲು ಹೊಡದಹಾಕು ಲೇ, ಸುಳ್ಳೈತಿ’ ಎನ್ನುವವಳು ಸಿಗಲಿಲ್ಲ. ಅವಳು ನನಗೆ ಬೇಕು. ಈ ವಯಸ್ಸಿನಲ್ಲಿ ಹೀಗೆ ಹೇಳಿಕೊಳ್ಳಲು ನಾಚಿಕೆಯೂ ಆಗುವುದಿಲ್ಲ.

ಮದುವೆಯ ಊಟ ಅರ್ಧಕ್ಕೇ ಬಿಟ್ಟು ಮನೆಗೆ ಬಂದು ಇಷ್ಟನ್ನು ಬರೆದೆ. ಬರೆದ ಮೇಲೆ ನೋಡಿದರೆ ಇದೂ ಅರ್ಧಕ್ಕಿಂತ ಹೆಚ್ಚು ಅವಳದೇ. ಪ್ರತಿ ಮಾಡಿ ಲಕ್ಷ್ಮೇಶ್ವರಕ್ಕೆ ಕಳಿಸಿದ್ದೇನೆ. ಅಚ್ಚಿಗೆ ಕೊಡಲೇ ಎಂದು ಕೇಳಿದ್ದೇನೆ, ಅಂದು ಕೇಳಬೇಕಾಗಿದ್ದದ್ದನ್ನು. ಬೇಡ ಎಂದರೆ ಹರಿದು ಹಾಕುತ್ತೇನೆ. ಉತ್ತರ ಬರದಿದ್ದರೆ ಕಾಯುತ್ತೇನೆ, ಎಷ್ಟು ವರ್ಷವಾದರೂ. ಇದು ನಿಮ್ಮ ಕೈಗೆ ಬಂದಿದೆಯೆಂದರೆ ಜೈಬು ಒಪ್ಪಿದ್ದಾಳೆ ಎಂದು ತಿಳಿಯಿರಿ.