ಹಿರಿಯಡ್ಕದ ಸ್ಯಾಕ್ಸೊಫೋನ್ ಅಕ್ಕ

ಆ ಅಕ್ಕ ಹಿರಿಯಡ್ಕದವರು, ಮದುವೆಗಳಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದರು. ಮಣಿಪಾಲದ ನಮ್ಮ ಜಾಝ್ ತಂಡದಲ್ಲಿ ನನ್ನದು ಪಿಯಾನೊ. ನಮ್ಮ ಮೊದಲ ಲೈವ್ ಆಲ್ಬಮ್ಮಿನ ಒಂದು ರಚನೆಗೆ ಅವರನ್ನು ಕರೆದಿದ್ದೆವು. ಅಭ್ಯಾಸಕ್ಕೆ ಬಂದವರು ವಾದ್ಯವನ್ನು ಮಡಿಲಲ್ಲಿಟ್ಟು ಸೆರಗಿನಿಂದ ಒರೆಸುತ್ತಾ ನಮ್ಮ ಉದ್ದುದ್ದ ಚರ್ಚೆಗಳನ್ನು ಕೇಳುತ್ತಿದ್ದರು. ಕೊನೆಗೆ ಪ್ರತಿ ಸಲವೂ ಒಂದೇ ಪ್ರಶ್ನೆ: "ಎಲ್ಲ ಸರಿ, ಊದುವುದು ಯಾವಾಗ?"

ಕಾರ್ಯಕ್ರಮದ ದಿನ, ರೆಕಾರ್ಡಿಂಗ್ ನಡೆಯುತ್ತಿರುವಾಗಲೇ, ನಾನೇ ಕಟ್ಟಿದ ರಚನೆಯ ನಡುವೆ ಮುಂದಿನದು ನನಗೆ ಮರೆತುಹೋಯಿತು. ಬೆರಳುಗಳು ನಿಂತುಬಿಟ್ಟವು. ಅಕ್ಕನ ಸರದಿ ಅಲ್ಲಿಗೆ ಮುಗಿಯಬೇಕಿತ್ತು. ಅವರು ನನ್ನತ್ತ ಒಮ್ಮೆ ನೋಡಿ, ಕಣ್ಣು ಮುಚ್ಚಿ, ತಮ್ಮ ಕೊನೆಯ ಸಾಲನ್ನೇ ಬಗೆಬಗೆಯಾಗಿ ತಿರುಗಿಸುತ್ತಾ ನನಗೆ ದಾರಿ ಸಿಗುವವರೆಗೂ ಊದಿದರು.

ವೇದಿಕೆ ಇಳಿದ ಮೇಲೆ ಕ್ಷಮೆ ಕೇಳಿದೆ. "ಮದುಮಗ ಬರುವುದು ತಡವಾದರೆ ನಾವು ನಿಲ್ಲಿಸ್ಲಿಕ್ಕೆ ಉಂಟಾ ಮಾರಾಯ್ರೆ?" ಎಂದು ನಕ್ಕರು.

ಆಲ್ಬಮ್ ಕೇಳಿದವರೆಲ್ಲ ಆ ಭಾಗವನ್ನೇ ಹೊಗಳಿದರು. ಅಲ್ಲಿ ಪಿಯಾನೊ ನಿಲ್ಲಿಸಿದ್ದು ನನ್ನ ಜಾಣತನವೆಂದರು. ನಾನು ಸುಮ್ಮನಿದ್ದೆ. ಕೊನೆಗೊಂದು ದಿನ ಮನಸ್ಸು ತಡೆಯದೆ ಹಿರಿಯಡ್ಕಕ್ಕೆ ಹೋದೆ. ಅಕ್ಕ ಜಗಲಿಯಲ್ಲಿ ಕುಳಿತು, ನನ್ನ ಇಯರ್‌ಫೋನ್ ಹಾಕಿಕೊಂಡು, ಆಲ್ಬಮ್ಮಿನ ಆ ಭಾಗವನ್ನು ಅಲುಗಾಡದೆ ಕೇಳಿದರು.

"ನಾನು ಮರೆತದ್ದನ್ನು ಎಲ್ಲರಿಗೂ ಹೇಳಿಬಿಡ್ತೇನೆ ಅಕ್ಕ," ಎಂದೆ.

"ಅದು ಎಂತದಾದರೂ ಮಾಡಿ. ಈಗ ಇದನ್ನು ಇನ್ನೊಮ್ಮೆ ಹಾಕಿ," ಎಂದರು ಅಕ್ಕ. "ಮದುವೆಯ ಗಲಾಟೆಯಲ್ಲಿ ನಾನು ಊದುವುದು ನನಗೇ ಯಾವತ್ತೂ ಸರಿಯಾಗಿ ಕೇಳಿದ್ದಿಲ್ಲ."