ಬಾಗಿಲಿನಿಂದ ಕಿಟಕಿಯ ತನಕ

ಹೋದ ತಿಂಗಳು ಅರಸೀಕೆರೆ ಬಸ್ ನಿಲ್ದಾಣದ ಪಕ್ಕ ಕೂರುವ ಚಪ್ಪಲಿ ಹೊಲಿಯುವವರ ಬಳಿ ನನ್ನ ಬ್ಯಾಗಿನ ಹಿಡಿ ಹೊಲಿಸಲು ಹೋಗಿದ್ದೆ. ಅವರ ಮುಂದೆ ಹೆಂಗಸರ ಚಪ್ಪಲಿ ಒಂದು ಜೊತೆ ಬಿದ್ದಿತ್ತು. ಎಡಗಾಲಿನದು ಹೆಚ್ಚುಕಡಿಮೆ ಹೊಸದರ ಹಾಗೇ ಇತ್ತು. ಬಲಗಾಲಿನದರ ಹಿಮ್ಮಡಿ ಮಾತ್ರ ಹೊರಬದಿಗೆ ಸವೆದು ಹಪ್ಪಳದಷ್ಟು ತೆಳ್ಳಗಾಗಿತ್ತು. ಯಾರದೋ ಏನೋ, ಆದರೆ ಆಕೆ ಹೇಗೆ ನಡೆಯುತ್ತಾಳೆಂದು ನನಗೆ ಗೊತ್ತಿತ್ತು. ನಮ್ಮವ್ವನ ಚಪ್ಪಲಿಯೂ ಹೀಗೇ ಸವೆಯುತ್ತಿತ್ತು. ಅವ್ವ ನೆನಪಾದರೆ ಸಾಕು, ಬೆನ್ನಿಗೇ ನಮ್ಮ ಇಂಗ್ಲಿಷ್ ಮೇಷ್ಟ್ರು ನೆನಪಾಗುತ್ತಾರೆ. ಅವ್ವನೊಬ್ಬಳನ್ನೇ ನೆನೆಯುವುದಕ್ಕೂ ಆ ಮನುಷ್ಯ ನನಗೆ ಬಿಟ್ಟಿಲ್ಲ.

ಪಾಠ ಮಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ, ಆದರೂ ಸುಳ್ಳು ಹೇಳಲಾರೆ. ಇಂಗ್ಲಿಷಿನಲ್ಲಿ ನಡಿಗೆಗೆ ನೂರೆಂಟು ಮಾತುಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ ಎನ್ನುತ್ತಿದ್ದರು. ಬೇಲೂರಿಗೆ ಬಂದವರು ಊಟ ಮುಗಿಸಿ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುವುದು ಸ್ಟ್ರೋಲ್. ಹಳೇಬೀಡಿನಲ್ಲಿ ಗೈಡ್ ಬೇಡವೆಂದವರು ದಿಕ್ಕು ತಿಳಿಯದೆ ಸುತ್ತುವುದು ವಾಂಡರ್. ಬಾಣಾವರದಲ್ಲಿ ಕೊನೇ ಬಸ್ಸು ತಪ್ಪಿಸಿಕೊಂಡವನು ಚೀಲ ಹೊತ್ತು ಕಾಲೆಳೆದುಕೊಂಡು ಊರು ಸೇರುವುದು ಟ್ರಡ್ಜ್. ಕುಡಿದವನು ತೂರಾಡುವುದು ಸ್ಟ್ಯಾಗರ್. ನಮ್ಮಲ್ಲೂ ಅಲೆಯುವುದು, ತೆವಳುವುದು, ದಾಪುಗಾಲು ಹಾಕುವುದು ಎಲ್ಲ ಇದೆಯಲ್ಲ ಎಂದು ನನಗೆ ಅನ್ನಿಸುತ್ತಿತ್ತು, ಬಾಯಿ ಬಿಡುವ ಧೈರ್ಯ ಇರಲಿಲ್ಲ.

ಅವರದೊಂದು ಪದ್ಧತಿ. ಸೀಮೆಸುಣ್ಣದಲ್ಲಿ ಬಾಗಿಲಿನಿಂದ ಕಿಟಕಿಯ ತನಕ ನೆಲದ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಹೊಸ ಮಾತು ಬಂದಾಗ ಯಾರಾದರೂ ಒಬ್ಬರು ಆ ಗೆರೆಯ ಮೇಲೆ ಹಾಗೆ ನಡೆದು ತೋರಿಸಬೇಕು, ಮಿಕ್ಕವರು ಮಾತನ್ನು ಕೂಗಿ ಹೇಳಬೇಕು. ಕಾಲಿಗೆ ಬಂದ ಮಾತು ತಲೆ ಬಿಟ್ಟು ಹೋಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಹೋಗುವುದಿಲ್ಲ, ನಿಜ…

ನಾನು ಆಗ ಎಂಟನೇ ತರಗತಿ. ಮಾದಿಹಳ್ಳಿಯಿಂದ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದೆ. ಒಂದು ದಿನ ಬುತ್ತಿ ಮರೆತಿದ್ದೆ. ಡೈರಿಗೆ ಹಾಲು ಹಾಕಿ ಅವ್ವ ಮುಂದಿನ ಬಸ್ಸಿಗೇ ಬುತ್ತಿ ಹಿಡಿದು ಬಂದಳು. ಚಿಕ್ಕಂದಿನಲ್ಲಿ ಗಾಡಿಯ ಚಕ್ರ ಅವಳ ಬಲಪಾದದ ಮೇಲೆ ಹರಿದಿತ್ತು. ಅಂಗಳದಲ್ಲಿ ಅವಳು ಬರುವುದನ್ನು ಮೇಷ್ಟ್ರು ಕಿಟಕಿಯಿಂದ ಕಂಡರು. ಅವರ ಮುಖ ಅರಳಿತು. ಅದನ್ನು ನಾನು ಕಣ್ಣಾರೆ ನೋಡಿದೆ. ಕಳೆದುಹೋದ ವಸ್ತು ಸಿಕ್ಕಿದ ಹಾಗೆ ಅರಳಿತು.

"ಬನ್ನಿ ತಾಯಿ, ಒಳಗ್ ಬನ್ನಿ. ಈ ಗೆರೆ ಮೇಲೆ ಆ ಕಿಟಕಿ ತನಕ ನಡ್ಕೊಂಡ್ ಹೋಗಿ" ಎಂದರು.

ಅವ್ವ ಗರ್ಭಗುಡಿಗೆ ಹೋಗುವವಳ ಹಾಗೆ ಚಪ್ಪಲಿ ಹೊರಗೆ ಬಿಟ್ಟಳು. ಕರಿಹಲಗೆಗೆ ಕೈಮುಗಿದಳು. ಸೆರಗು ಹೊದ್ದು, ಬುತ್ತಿಯನ್ನು ಎದೆಗೆ ಒತ್ತಿಕೊಂಡು, ಗೆರೆ ತಪ್ಪದ ಹಾಗೆ ಕಿಟಕಿಯ ತನಕ ನಡೆದಳು. ಹಲಗೆಯ ಮೇಲಿದ್ದ ಹೊಸ ಮಾತು ನೋಡಿ ಇಡೀ ತರಗತಿ ಒಂದೇ ದನಿಯಲ್ಲಿ "ಲಿಂಪ್" ಎಂದಿತು. ಕುಂಟುವುದು. ಅವ್ವ ತಿರುಗಿ ನೋಡಿ ನಕ್ಕಳು. ನಾನೊಬ್ಬಳೇ ಹೇಳಿರಲಿಲ್ಲ. ನನ್ನನ್ನು ಎಬ್ಬಿಸಿ ನಿಲ್ಲಿಸಿ ಒಬ್ಬಳ ಕೈಯಲ್ಲೇ ಮೂರು ಸಲ ಹೇಳಿಸಿದರು. ಹೇಳಿದೆ.

ಸಂಜೆ ಅವ್ವ ಬೀದಿಗೆಲ್ಲ ಸಾರಿಕೊಂಡು ಬಂದಿದ್ದಳು. "ದೊಡ್ಡ ಮನ್ಸ ಕಣವ್ವ ನಿಮ್ ಮೇಷ್ಟ್ರು. ನನ್ನಂತೋಳ್ನ ತಾಯಿ ಅಂತ ಒಳೀಕ್ ಕರುದ್ರು. ಮಕ್ಳೆಲ್ಲ ಅದೇನೋ ಅಂದ್ರಲ್ಲ, ಏನದು?" ಸ್ವಾಗತ ಅಂತ ಎಂದೆ. ಅಲ್ಲಿಂದ ಪ್ರತಿ ಹಬ್ಬಕ್ಕೂ ಮೇಷ್ಟ್ರಿಗೆ ಕೊಡು ಎಂದು ಎರಡು ತೆಂಗಿನಕಾಯಿ ಕಳಿಸುತ್ತಿದ್ದಳು. ಒಂದೂ ಅವರಿಗೆ ಮುಟ್ಟಲಿಲ್ಲ. ಎಲ್ಲವನ್ನೂ ಕೆರೆಗೆ ಎಸೆದೆ.

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ಹಾವಿಗೆ ಸಹನೆ ಕಮ್ಮಿ ಇರಬೇಕು. ನಾನು ಹಟ ಹಿಡಿದು ಇಂಗ್ಲಿಷ್ ಓದಿದೆ. ನಿಘಂಟಿನಲ್ಲಿ ನಡಿಗೆಯ ಮಾತುಗಳನ್ನೆಲ್ಲ ಹೆಕ್ಕಿ ಬಾಯಿಪಾಠ ಮಾಡಿದೆ. ಎಂದಾದರೂ ಆ ಮನುಷ್ಯನನ್ನು ಅದೇ ಗೆರೆಯ ಮೇಲೆ ನಡೆಸಬೇಕು. ಬೇರೆ ಆಸೆಯೇ ಇರಲಿಲ್ಲ. ಅವ್ವ ತೀರಿಕೊಂಡ ಮೇಲಂತೂ ಇದೊಂದೇ ಉಳಿದಿತ್ತು. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರಾದೆ. ಹೋದ ವರ್ಷ ನನ್ನ ಎಂಟನೇ ತರಗತಿಗೆ ಒಬ್ಬ ಹುಡುಗಿ ಸೇರಿದಳು. ವಿಚಾರಿಸಿದರೆ ನಮ್ಮ ಮೇಷ್ಟ್ರ ಮೊಮ್ಮಗಳು. ಲಕ್ವ ಹೊಡೆದು ತಾತನ ಎಡಗಾಲು ಸರಿಯಿಲ್ಲ, ನಮ್ಮ ಮನೆಯಲ್ಲೇ ಇದ್ದಾರೆ ಎಂದು ಅವಳೇ ಹೇಳಿದಳು. ಆ ರಾತ್ರಿ ನನಗೆ ಒಳ್ಳೆ ನಿದ್ದೆ ಬಂತು.

ನಡಿಗೆಯ ಪಾಠ ಇಟ್ಟುಕೊಂಡ ದಿನವೇ ಪ್ರಗತಿ ಪತ್ರಕ್ಕೆ ಸಹಿ ಬೇಕು, ತಾತನನ್ನೇ ಕರೆದುಕೊಂಡು ಬಾ ಎಂದೆ. ಬಂದರು. ನಾನು ಗೆರೆ ಎಳೆದಿಟ್ಟಿದ್ದೆ. ಎಷ್ಟೋ ವರ್ಷ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಮಾತು, ಒಂದಕ್ಷರ ತಪ್ಪದೆ ಹೇಳಿದೆ. "ಬನ್ನಿ ಸರ್, ಒಳಗ್ ಬನ್ನಿ. ಈ ಗೆರೆ ಮೇಲೆ ಆ ಕಿಟಕಿ ತನಕ ನಡ್ಕೊಂಡ್ ಹೋಗಿ."

ಅವರು ಗೆರೆ ನೋಡಿದರು. ಮತ್ತೆ ಅದೇ ಮುಖ ಅರಳಿತು. ಕೋಲನ್ನು ಬಾಗಿಲಿಗೆ ಒರಗಿಸಿ ನಡೆದೇಬಿಟ್ಟರು. ಮಕ್ಕಳಲ್ಲಿ ಕೆಲವರು ಲಿಂಪ್ ಎಂದರು, ಕೆಲವರು ಶಫಲ್ ಎಂದರು. ಕಿಟಕಿಯ ಸರಳು ಹಿಡಿದು ತಿರುಗಿ, ಏದುಸಿರಲ್ಲೇ ಹೇಳಿದರು: "ಎರಡೂ ಕಾಲು ಎತ್ತದೆ ಎಳೆದ್ರೆ ಶಫಲ್. ನನ್ದು ಒಂದೇ ಕಾಲು ಹೋಗಿರೋದು. ಇದು ಲಿಂಪ್. ಬರ್ಕೊಳ್ಳಿ." ಮಕ್ಕಳು ಬರೆದುಕೊಂಡರು. ನನ್ನ ಸೇಡು ಅವರ ಕೈಯಲ್ಲಿ ಪಾಠವಾಗಿ ಹೋಯಿತು.

ನನಗೆ ತಡೆಯಲಾಗಲಿಲ್ಲ. ನಿಮ್ಮ ಹಳೇ ವಿದ್ಯಾರ್ಥಿನಿ ನಾನು, ನಮ್ಮವ್ವನನ್ನೂ ಒಂದು ದಿನ ಹೀಗೇ ನಡೆಸಿದ್ದಿರಿ ಎಂದೆ. ಅವರು ಕಣ್ಣು ಕಿರಿದು ಮಾಡಿ ನನ್ನ ಮುಖ ನೋಡಿದರು.

"ನೆನಪಿಲ್ಲಮ್ಮ… ಚೆನ್ನಾಗ್ ನಡೆದ್ರಾ?"

ಚೆನ್ನಾಗಿ ನಡೆದಳು ಎಂದೆ. ಎಲ್ಲ ಮಾತೂ ಕಲಿತಿದ್ದೆ, ಮರೆತವನಿಗೆ ಹೇಳುವ ಮಾತು ಮಾತ್ರ ಕಲಿತಿರಲಿಲ್ಲ. ಸಹಿ ಹಾಕಿ, ಇಂಥ ಟೀಚರು ಸಿಕ್ಕಿದ್ದು ಪುಣ್ಯ ಎಂದು ಮೊಮ್ಮಗಳಿಗೆ ಹೇಳಿ ಹೊರಟರು. ಆಗ ಆ ಹುಡುಗಿಯನ್ನು ನೋಡಿದೆ. ಎರಡನೇ ಬೆಂಚಿನಲ್ಲಿ ಅವಳೊಬ್ಬಳೇ ಏನೂ ಬರೆದುಕೊಂಡಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ. ಸಂತೋಷವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಅವ್ವ ಆ ಗೆರೆಯ ಮೇಲೆ ನಡೆದದ್ದನ್ನು ಹೇಳಿಕೊಂಡು ಜಗಳವಾಡಲು ನನಗೆ ಈಗ ಯಾರೂ ಇಲ್ಲ. ಅವರನ್ನು ಕ್ಷಮಿಸಿದ್ದೇನೆಂದು ಮಾತ್ರ ಯಾರೂ ತಿಳಿಯಬಾರದು.

ಬ್ಯಾಗು ಹೊಲಿಸಿಕೊಂಡು ಆ ದಿನ ನೇರ ಶಾಲೆಗೆ ಹೋದೆ. ಆ ಹುಡುಗಿ ಈಗ ಒಂಬತ್ತನೇ ತರಗತಿ, ಕೇಳಿದ್ದಕ್ಕಷ್ಟೇ ಉತ್ತರ, ಮಿಕ್ಕ ಹೊತ್ತೆಲ್ಲ ಅದೇ ನೋಟ. ಆ ನೋಟ ನನಗೆ ಚೆನ್ನಾಗಿ ಗೊತ್ತು, ಇಷ್ಟು ವರ್ಷ ನಾನೇ ಸಾಕಿದ್ದು. ಇಂಗ್ಲಿಷಿನಲ್ಲಿ ಈಗ ಇಡೀ ತರಗತಿಗೆ ಅವಳೇ ಮೊದಲು.