ಐನ್ ಸರಾರದ ನಲವತ್ತೆರಡನೇ ಮನೆ

ಇಲ್ಲದ ಊರಿನ ಗಡಿಗಾಗಿ ಜಗಳವಾಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ನಮ್ಮೂರು ಐನ್ ಸರಾರ ಯುದ್ಧದಲ್ಲಿ ನೆಲಸಮವಾಗಿ, ನಾವು ಗಡಿ ದಾಟಿ ಓಡಿಬಂದು ನಲವತ್ತಾರು ವರ್ಷವಾಗಿತ್ತು. ಆದರೂ 1994ರ ವಸಂತದಲ್ಲಿ, ರಶೀದಿಯಾ ನಿರಾಶ್ರಿತರ ಶಿಬಿರದ ಅಬು ಸುಬ್ಹಿ ಮೇಷ್ಟರ ಪಡಸಾಲೆಯಲ್ಲಿ, ಹಮ್ಮೂದನ ಮನೆಯ ಬಾಗಿಲು ಓಣಿಯ ಕಡೆಗಿತ್ತೋ ಒರತೆಯ ಕಡೆಗಿತ್ತೋ ಎಂದು ಇಬ್ಬರು ಅಜ್ಜಂದಿರು ಕೈಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು.

ಕಾರಣವಿಲ್ಲದೆ ಅಲ್ಲ. ಹಿಂದಿನ ವರ್ಷ ಎರಡೂ ಕಡೆಯ ದೊಡ್ಡವರು ದೂರದ ದೇಶದಲ್ಲಿ ಶಾಂತಿ ಒಪ್ಪಂದಕ್ಕೆ ಕೈ ಕುಲುಕಿದ್ದರು. ಆ ಒಪ್ಪಂದದಲ್ಲಿ ನಾವೆಲ್ಲಿದ್ದೇವೆ ಎಂದು ಶಿಬಿರದವರು ಹುಡುಕಿ ಹುಡುಕಿ ಬೇಸತ್ತಿದ್ದರು. ಆಗ ಯುರೋಪಿನ ಕೆಲವು ವಕೀಲರು ಬಂದು, ಪ್ರತಿ ಊರಿನವರೂ ಊರಿನ ನಕ್ಷೆ, ಮನೆತನಗಳ ಪಟ್ಟಿ, ಮನೆಗೊಂದು ಅರ್ಜಿ ಕೊಟ್ಟರೆ ಭದ್ರವಾಗಿ ಇಡುತ್ತೇವೆ, ಹಕ್ಕು ಕೇಳುವ ದಿನ ಬಂದಾಗ ಆಧಾರಕ್ಕಾಗುತ್ತದೆ ಎಂದರು. ನಮ್ಮೂರಿನ ಸಮಿತಿಗೆ ನಿವೃತ್ತ ಮೇಷ್ಟರಾದ ಅಬು ಸುಬ್ಹಿಯೇ ಮುಖ್ಯಸ್ಥರಾದರು. ಅವರದು ಶಹಾದೆ ಮನೆತನ, ಊರಿನ ಅರ್ಧ ಆಲಿವ್ ತೋಟ ಅವರದೇ ಆಗಿತ್ತು. ಅಂಗಡಿಗಳ ಬೋರ್ಡು ಬರೆಯುವ ಖಲ್ದೂನ್ ನಾಲ್ಕು ದಪ್ಪ ಹಾಳೆಗಳನ್ನು ಅಂಟಿಸಿ ನಕ್ಷೆಗೆ ಕೂತ. ಸಮಿತಿ ನಲವತ್ತೊಂದು ಮನೆಗಳ ಪಟ್ಟಿ ಮಾಡಿ ರೊಟ್ಟಿ ಭಟ್ಟಿಯ ಗೋಡೆಗೆ ಅಂಟಿಸಿತು.

ಆ ಪಟ್ಟಿಯಲ್ಲಿ ವಸ್ಫಿಯಾಳ ಮನೆ ಇರಲಿಲ್ಲ.

ವಸ್ಫಿಯಾಳಿಗೆ ಐವತ್ತೇಳು ವರ್ಷ. ಸುತ್ತಲಿನ ಕಿತ್ತಳೆ ತೋಟಗಳಲ್ಲಿ ಕೂಲಿ ಮಾಡಿ, ಗುಡ್ಡದ ಕಾಡುಸೊಪ್ಪು ಕಿತ್ತು ಮಾರಿ, ಗಂಡ ತೀರಿಕೊಂಡ ಮೇಲೂ ನಾಲ್ಕು ಮಕ್ಕಳನ್ನು ದಡ ಹತ್ತಿಸಿದವಳು. ಯಾರ ಮುಂದೆಯೂ ಕೈ ಚಾಚಿದವಳಲ್ಲ. ಪಟ್ಟಿಯ ವಿಷಯ ಅವಳಿಗೆ ತಿಳಿದದ್ದು ಮೊಮ್ಮಗಳು ಜುಮಾನಾಳಿಂದ. ಶಾಲೆಯಲ್ಲಿ ಯಾವ ಊರು ಎಂದು ಕೇಳಿದಾಗ ಹುಡುಗಿ ಎಂದಿನಂತೆ ಐನ್ ಸರಾರ ಎಂದಿದ್ದಳು. ಶಹಾದೆ ಮನೆಯ ಹುಡುಗಿಯೊಬ್ಬಳು ಎದ್ದು, "ಸುಳ್ಳು! ಪಟ್ಟೀಲಿ ಇವರ ಹೆಸರೇ ಇಲ್ಲ. ಇವರು ನಮ್ಮ ದನ ಕಾಯ್ತಿದ್ದೋರು, ಇವರಿಗೆ ಊರೇ ಇಲ್ಲ" ಎಂದಳಂತೆ. ಜುಮಾನಾ ಅಂದು ಊಟ ಮುಟ್ಟಲಿಲ್ಲ.

"ಹೋಗ್ಲಿ ಬಿಡಮ್ಮಾ," ಎಂದ ಮಗ ನಾಯಿಫ್. "ನೂರು ಎಕರೆ ಇದ್ದೋರಿಗೇ ಒಂದು ಹಿಡಿ ಮಣ್ಣು ಸಿಕ್ಕಿಲ್ಲ. ನಮಗೆ ಆ ಕಾಗದ ಯಾಕೆ?"

"ಮಣ್ಣು ಯಾರು ಕೇಳಿದ್ರೋ?" ವಸ್ಫಿಯಾ ಸಿಡುಕಿದಳು. "ಇಲ್ಲಿ ನಾವು ಪರದೇಶಿಗಳು ಅಂತ ಎಲ್ಲರೂ ಹೇಳ್ತಾರೆ. ಅಲ್ಲೂ ನಾವು ಯಾರೂ ಅಲ್ಲ ಅಂದ್ರೆ, ನಿನ್ನ ಮಗಳು ಎಲ್ಲಿಯವಳು? ಆಕಾಶದಿಂದ ಉದುರಿದ್ಲಾ?"

ಸೊಪ್ಪಿನ ಬುಟ್ಟಿ ಹೊತ್ತುಕೊಂಡೇ ಅವಳು ಮೇಷ್ಟರ ಮನೆಗೆ ನಡೆದಳು.

ಮೇಷ್ಟರು ಕೆಟ್ಟವರಲ್ಲ. ಕೂರಿಸಿದರು, ಕಾಫಿ ತರಿಸಿದರು. ಆಮೇಲೆ ಪಾಠ ಹೇಳುವ ದನಿಯಲ್ಲಿ, "ನೋಡು ತಂಗಿ, ನಿಮ್ಮಪ್ಪ ದಾಹಿರ್ ಒಳ್ಳೆ ಮನುಷ್ಯ. ಆದ್ರೆ ಊರೋನಲ್ಲ, ಹೌರಾನ್ ಸೀಮೆ ಕಡೆಯಿಂದ ಬಂದೋನು. ಊರ ದನ ಕಾಯೋಕೆ ನಾವು ಇಟ್ಕೊಂಡಿದ್ದು. ಅರ್ಜೀಲಿ ಜಮೀನು ಎಷ್ಟು, ಪತ್ರ ಎಲ್ಲಿ, ಕಂದಾಯದ ಚೀಟಿ ಎಲ್ಲಿ ಅಂತ ಕೇಳ್ತಾರೆ. ನಿನ್ನ ಹತ್ರ ಏನಿದೆ? ಬೇಕಾದ್ರೆ ನಮ್ಮನೆ ಅರ್ಜಿ ಕೆಳಗೇ ನಿನ್ನ ಹೆಸರು ಸೇರಿಸ್ತೀನಿ, ಶಹಾದೆ ಮನೆ ಆಶ್ರಯದಲ್ಲಿದ್ದೋರು ಅಂತ" ಎಂದರು.

"ನಾನು ಹುಟ್ಟಿದ್ದು ನಿಮ್ಮ ಆಶ್ರಯದಲ್ಲಲ್ಲ, ಐನ್ ಸರಾರದಲ್ಲಿ," ಎಂದಳು ವಸ್ಫಿಯಾ. "ನಮ್ಮದೂ ಒಂದು ಮನೆ. ಬೇರೆ ನಂಬರು ಹಾಕಿ ಬರೀರಿ."

"ಅದಾಗಲ್ಲ ಕಣಮ್ಮ. ಎಲ್ಲದಕ್ಕೂ ಒಂದು ನಿಯಮ ಅಂತಿದೆ."

ವಸ್ಫಿಯಾ ಮಾತು ಬೆಳೆಸಲಿಲ್ಲ. ಮುಂದಿದ್ದ ಕಾಫಿ ಬಟ್ಟಲನ್ನು ಮೆಲ್ಲಗೆ ಎತ್ತಿ ನೆಲದ ಮೇಲಿಟ್ಟಳು, ಕುಡಿಯಲಿಲ್ಲ. ನಕ್ಷೆಯ ಸುತ್ತ ಕೂತಿದ್ದ ಸಮಿತಿಯವರು, ಖಲ್ದೂನ್ ಎಲ್ಲ ಆ ಬಟ್ಟಲನ್ನೇ ನೋಡಿದರು. ಬೇಡಿಕೆ ಹೊತ್ತು ಬಂದವರು ಕಾಫಿ ಮುಟ್ಟದೆ ಕೂತರೆ, ಅದು ಈಡೇರುವತನಕ ಕುಡಿಯುವುದಿಲ್ಲ ಎಂದರ್ಥ, ನಮ್ಮಲ್ಲಿ ಹಸುಗೂಸಿಗೂ ಇದು ಗೊತ್ತು. ಆ ಕಾಫಿ ತಣ್ಣಗಾಗುವಷ್ಟು ಹೊತ್ತೂ ಮನೆಯ ಯಜಮಾನನ ಮಾನ ಬೀದಿಯಲ್ಲಿರುತ್ತದೆ.

ಎದ್ದು ಹೊರಡುವಾಗ ಅವಳ ಕಣ್ಣು ನಕ್ಷೆಯ ಮೇಲೆ ಬಿತ್ತು. ಓದಲು ಬಾರದ ಅವಳಿಗೂ ಒರತೆಯ ನೀಲಿ ಗುರುತು ತಿಳಿಯಿತು. ಅದರ ಸುತ್ತ ಏಳು ಮನೆಗಳಿದ್ದವು. ನಿಜವಾಗಿ ಇದ್ದದ್ದು ಮೂರು. ಸಮಿತಿಯ ಪ್ರತಿ ಗಂಡಸೂ ತನ್ನ ಅಜ್ಜನ ಮನೆಯನ್ನು ನೀರಿನ ಪಕ್ಕಕ್ಕೆ ಎಳೆದು ತಂದಿದ್ದ.

"ಖಲ್ದೂನ್, ಇಷ್ಟು ಜನ ಒಟ್ಟಿಗೆ ಒರತೇಲಿ ಬಿದ್ದುಹೋಗ್ತಾರೆ, ಸ್ವಲ್ಪ ಹಿಂದಕ್ಕೆ ಸರಿಸು," ಎಂದಳು. ಖಲ್ದೂನ್ ಕಿಸಕ್ಕನೆ ನಕ್ಕ. ಸಮಿತಿಯವರ ಮುಖ ಇಂಗು ತಿಂದ ಮಂಗನಂತಾಯಿತು.

ಮರುದಿನ ಮಧ್ಯಾಹ್ನ ಅವಳು ಮತ್ತೆ ಬಂದಳು. ಹೊಸ್ತಿಲ ಪಕ್ಕ ಕೂತು ಸೊಪ್ಪು ಬಿಡಿಸಿದಳು. ಕಾಫಿ ಬಂತು, ತಣ್ಣಗಾಯಿತು, ಒಳಗೆ ಹೋಯಿತು. ಅದರ ಮರುದಿನವೂ ಅಷ್ಟೇ. ಬೈಯಲಿಲ್ಲ, ಅಳಲಿಲ್ಲ, ಕಂಡವರ ಮುಂದೆ ದೂರಲೂ ಇಲ್ಲ. ದಿನಾ ಬಂದಳು. ವಾರ ಕಳೆಯುವಷ್ಟರಲ್ಲಿ ಶಿಬಿರದಲ್ಲೆಲ್ಲ ಇದೇ ಸುದ್ದಿ. "ಮೇಷ್ಟ್ರೇ, ಇವತ್ತಾದ್ರೂ ಕಾಫಿ ಬಿಸಿ ಇದೆಯಾ?" ಎಂದು ಭಟ್ಟಿಯವನು ಚುಡಾಯಿಸತೊಡಗಿದ. ಮೇಷ್ಟರು ರೊಟ್ಟಿ ತರಲು ಹೋಗುವುದನ್ನೇ ಬಿಟ್ಟರು. ಆದರೂ ಮಣಿಯಲಿಲ್ಲ. ಅವರು ಇಷ್ಟೊಂದು ಬಿಗಿ ಹಿಡಿದದ್ದು ಬರಿಯ ನಿಯಮಕ್ಕಾಗಿ ಅಲ್ಲವೇನೋ ಎಂಬ ಅನುಮಾನ ಖಲ್ದೂನನಿಗೆ ಬಂದಿತ್ತು. ವಸ್ಫಿಯಾಳಿಗೆ ಅನುಮಾನವೇ ಇರಲಿಲ್ಲ, ಅವಳಿಗೆ ಗೊತ್ತಿತ್ತು.

ಹನ್ನೊಂದನೆಯ ದಿನ ಒಳಕೋಣೆಯಿಂದ ಊರುಗೋಲಿನ ಸದ್ದು ಕೇಳಿತು. ಮೇಷ್ಟರ ತಾಯಿ, ಹಜ್ ಮಾಡಿ ಬಂದ ಹಾಜ್ಜಾ ತಮಾಮ್. ವಯಸ್ಸು ತೊಂಬತ್ತರ ಹತ್ತಿರ, ಕಣ್ಣು ಮಂಜು, ಕಿವಿ ಮಾತ್ರ ಚುರುಕು.

"ನನ್ನ ಮನೇಲಿ ಹನ್ನೊಂದು ದಿನದಿಂದ ಯಾರದ್ದೋ ಕಾಫಿ ತಣ್ಣಗಾಗ್ತಿದೆಯಂತೆ. ಯಾರದು?"

"ಹಾಜ್ಜಾ, ನಾನು ದಾಹಿರನ ಮಗಳು ವಸ್ಫಿಯಾ."

ಮುದುಕಿ ಬಾಗಿಲ ಚೌಕಟ್ಟು ಹಿಡಿದು ದನಿ ಬಂದತ್ತ ತಿರುಗಿದಳು. "ದನದ ಹಿಂದೆ ಬರ್ತಿದ್ದ ಹುಡುಗೀನಾ? ಹಾಗಾದ್ರೆ ಹೇಳು ನೋಡೋಣ. ಸಂಜೆ ಒರತೆ ದಾಟಿದ ಮೇಲೆ ಮೊದಲು ಯಾವ ದನ ತಿರುಗ್ತಿತ್ತು?"

ವಸ್ಫಿಯಾ ಸೊಪ್ಪು ಕೆಳಗಿಟ್ಟಳು. ಬೆಳಿಗ್ಗೆ ಊರಿನ ದನಗಳನ್ನೆಲ್ಲ ಒಟ್ಟು ಮಾಡಿ ಗುಡ್ಡಕ್ಕೆ ಹೊಡೆಯುವುದು ಅಪ್ಪನ ಕೆಲಸವಾಗಿತ್ತು. ಸಂಜೆ ಪ್ರತಿಯೊಂದೂ ಅದರದರ ಬಾಗಿಲು ಹೊಕ್ಕಿತೇ ಎಂದು ನೋಡುವುದು ಅವಳ ಕೆಲಸ. ಒಂದು ಹಸು ಪಕ್ಕದ ಮನೆಗೆ ನುಗ್ಗಿ ಹಿಟ್ಟು ತಿಂದರೂ ಬೈಗುಳ ಅಪ್ಪನಿಗೆ. ಹಾಗಾಗಿ ಹನ್ನೊಂದರ ಹುಡುಗಿ ಊರಿನ ಒಂದೊಂದು ಬಾಗಿಲನ್ನೂ ಕಣ್ಣಲ್ಲಿಟ್ಟು ಕಾದಿದ್ದಳು.

"ಮೊದಲು ಕಿವಿ ಹರಿದ ಕೆಂಚಿ. ಅಬು ರಾಜಿಹ್ ಮನೇದು, ಎಡಕ್ಕೆ," ಎಂದು ಶುರುಮಾಡಿದಳು. "ಹಿಪ್ಪುನೇರಳೆ ಮರ ದಾಟಿ ಬಲಕ್ಕೆ ಹಮ್ಮೂದರ ಕರಿಯ. ಬಾಗಿಲು ಓಣಿಗೇ ಇತ್ತು, ತಲೆ ತಗ್ಗಿಸಿ ಹೋಗ್ಬೇಕು, ಕೊಂಬು ತಾಗ್ತಿತ್ತು. ಅದರ ಎದುರು ವಿಧವೆ ಸಬ್ಹಾಳದ್ದು, ಅವಳ ಹಸು ಅಂಗಳಕ್ಕೆ ಹೋಗೋ ಮೊದಲು ನಿಂತು ಮಸೀದಿ ಗೋಡೆಗೆ ಮೈ ಉಜ್ಜೋದು..."

ಮುದುಕಿ "ಹೌದು, ಹೌದು" ಎನ್ನುತ್ತ ಕೂತುಬಿಟ್ಟಳು. ಖಲ್ದೂನ್ ಹಳೆಯ ಗೆರೆಗಳನ್ನು ಅಳಿಸಿದ, ಹೊಸದು ಎಳೆದ. ಹದಿನೈದು ಮನೆ, ಇಪ್ಪತ್ತು, ಮೂವತ್ತು. ಮೂರು ವಾರದಿಂದ ಕಚ್ಚಾಡುತ್ತಿದ್ದ ಅಜ್ಜಂದಿರು ಬಾಯಿ ತೆರೆದುಕೊಂಡು ಕೇಳಿದರು. ಒಬ್ಬ, ತನ್ನ ಮನೆ ಒರತೆಯಿಂದ ಅಷ್ಟು ದೂರ ಸರಿದದ್ದಕ್ಕೆ ಬೇಜಾರಾಗುವ ಬದಲು ಅಳತೊಡಗಿದ. ಅವನಿಗೆ ಮನೆಯ ಹಿಂದಿನ ಮೆಟ್ಟಿಲು ನೆನಪಾಗಿತ್ತು.

ನಲವತ್ತೊಂದನೆಯದು ಶಹಾದೆಯವರ ಮನೆ. ಹಾಳೆ ಅಲ್ಲಿಗೆ ಮುಗಿದಿತ್ತು.

"ಇನ್ನೊಂದು ಹಾಳೆ ಅಂಟಿಸು ಖಲ್ದೂನ್," ಎಂದಳು ವಸ್ಫಿಯಾ. "ಶಹಾದೆಯವರ ಮನೆ ಆದ್ಮೇಲೆ ಕಣ. ಕಣ ದಾಟಿ ಒಂದು ಕಲ್ಲಿನ ಕೋಣೆ. ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ."

ಖಲ್ದೂನ್ ಮೇಷ್ಟರ ಮುಖ ನೋಡಿದ. ಮೇಷ್ಟರು ನೆಲ ನೋಡುತ್ತಿದ್ದರು.

"ಸುಮ್ನೆ ಯಾಕಿದೀಯ ಮಗನೇ?" ಎಂದಳು ಹಾಜ್ಜಾ ತಮಾಮ್. "ಆವತ್ತು ವಿಮಾನ ಬಂದಾಗ ದನ ಎಲ್ಲಾ ಗುಡ್ಡದ ಮೇಲಿದ್ವು. ನಾವು ಹಾಸಿಗೆ ಸುತ್ಕೊಂಡು ಉತ್ತರದ ದಾರಿ ಹಿಡಿದಿದ್ವಿ. ದಾಹಿರ್ ಹೆಂಡತಿ ಮಕ್ಕಳ ಜೊತೆ ನಮ್ಮ ಪಕ್ಕದಲ್ಲೇ ಇದ್ದ. ವಾಪಸ್ ಹೋಗಿ ದನ ಹೊಡ್ಕೊಂಡು ಬಾ ಅಂತ ಅವನನ್ನ ಕಳಿಸಿದ್ದು ಯಾರು?"

ಆಗ ಮೇಷ್ಟರಿಗೆ ಇಪ್ಪತ್ತೆರಡು ವರ್ಷ. "ನಾನೇ," ಎಂದರು. "ಎಲ್ಲರ ಬದುಕೂ ಆ ದನದಲ್ಲೇ ಇತ್ತಮ್ಮಾ. ಸಂಜೆ ಒಳಗೆ ಬರ್ತಾನೆ ಅಂದ್ಕೊಂಡೆ."

ದಾಹಿರ್ ಸಂಜೆಗೂ ಬರಲಿಲ್ಲ, ಆಮೇಲೂ ಬರಲಿಲ್ಲ. ಗುಡ್ಡದ ಕಡೆಯಿಂದ ಗುಂಡಿನ ಸದ್ದು ಕೇಳಿತ್ತು, ಅಷ್ಟೇ.

ವಸ್ಫಿಯಾ ಎದ್ದು ನಿಂತಳು. "ಮೇಷ್ಟ್ರೇ, ನೀವು ಕಳಿಸಿದಾಗ ನಾನು ಅಪ್ಪನ ಕೈ ಹಿಡ್ಕೊಂಡು ನಿಂತಿದ್ದೆ. ನಿಮ್ಮ ಮಾತು ಒಂದೊಂದೂ ನೆನಪಿದೆ. ಅದನ್ನ ಹೇಳಿ ಹೆಸರು ಬರೆಸ್ಕೊಳ್ಳೋ ಹಾಗಿದ್ರೆ ಮೊದಲನೇ ದಿನಾನೇ ಹೇಳ್ತಿದ್ದೆ. ಅಪ್ಪ ಸತ್ತ ಅಂತ ಕನಿಕರಕ್ಕೆ ಬರೀಬೇಡಿ. ನಿಮ್ಮ ತಪ್ಪು ಮುಚ್ಚೋಕೂ ಬರೀಬೇಡಿ. ನಾವು ಅಲ್ಲಿದ್ವಿ, ನಮ್ಮನ್ನೂ ಓಡಿಸಿದ್ರು. ಅದಕ್ಕೆ ಬರೀರಿ."

ಮೇಷ್ಟರು ತಾವೇ ಎದ್ದು ಹಾಳೆ ತಂದು, ತಾವೇ ಅಂಟು ಹಚ್ಚಿದರು. ಖಲ್ದೂನ್ ಕಣದ ಆಚೆ ಒಂದು ಪುಟ್ಟ ಚೌಕ ಬರೆದು, ಅದರೊಳಗೆ ನಲವತ್ತೆರಡು ಎಂದು ಹಾಕಿದ. ಹಾಜ್ಜಾ ತಮಾಮ್ ಹೊಸ ಕಾಫಿ ತರಿಸಿದಳು. ವಸ್ಫಿಯಾ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದಳು. ಹನ್ನೊಂದು ದಿನದಿಂದ ಆ ಪರಿಮಳ ಅವಳ ಮೂಗು ಸುಡುತ್ತಿತ್ತು.

ಆಮೇಲೆ ಮೇಷ್ಟರು ಕನ್ನಡಕ ಏರಿಸಿ ಅರ್ಜಿ ತೆಗೆದರು. ಮನೆಯ ಯಜಮಾನ, ದಾಹಿರ್. ಕೋಣೆಯಲ್ಲಿದ್ದವರು, ಐದು ಜನ. ಗಡಿ ದಾಟಿದವರು, ನಾಲ್ಕು.

"ಜಮೀನು?"

"ಇಲ್ಲ."

"ಪತ್ರ?"

"ಇಲ್ಲ."

ಮೇಷ್ಟರು ಕೊನೆಯ ಸಾಲಿಗೆ ಬಂದರು. ಅಲ್ಲಿ ಪೆನ್ನು ನಿಂತಿತು. "ಕಳಕೊಂಡದ್ದು ಏನು ಅಂತ ಇಲ್ಲಿ ಕೇಳಿದಾರೆ," ಎಂದರು ಮೆಲ್ಲಗೆ. "ಏನಂತ ಬರೀಲಿ ತಂಗಿ? ನಿಮ್ಮಪ್ಪನ ಹೆಸರು ಬರೀಲಾ?"

"ಅಪ್ಪನ್ನ ಆಮೇಲೆ ಬರೀರಿ," ಎಂದಳು ವಸ್ಫಿಯಾ. "ಮೊದಲು ದನ ಬರ್ಕೊಳ್ಳಿ. ಕಿವಿ ಹರಿದ ಕೆಂಚಿಯಿಂದ ಶುರುಮಾಡಿ, ನಲವತ್ತೊಂದು ಮನೇದೂ. ಎಲ್ಲಾ ದನ ಮನೆ ಸೇರೋತನಕ ಅವನು ಮನೆಗೆ ಬರ್ತಿರ್ಲಿಲ್ಲ."

ಮೇಷ್ಟರು ಬರೆಯತೊಡಗಿದರು.